ಕಾಣೆಯಾದವರ ಪ್ರಕಟಣೆ ಓದುವವಳು

ಟಿ.ವಿ. ಕೆಲಸವೆಂದರೆ ಮುಖಕ್ಕೆ ಪೌಡರು ಬಳಿದುಕೊಂಡು ದೀಪದ ಮುಂದೆ ಕೂರುವುದು ಎಂದು ನಂಬಿಕೊಂಡು ಈಗಲೂ ಮಕ್ಕಳು ಈ ವೃತ್ತಿಗೆ ಬರುತ್ತಾರೆ. ಬರಲಿ, ನಾನೂ ಹಾಗೆಯೇ ಬಂದವಳು. ಆದರೆ ನನ್ನ ಮುಖವನ್ನು ಟಿ.ವಿ.ಯಲ್ಲಿ ನೋಡಿದವರು ಕಡಿಮೆ. ಜನ ಕೇಳಿದ್ದು ನನ್ನ ದನಿಯನ್ನು, ಅದೂ ಯಾರದೋ ಮನೆಯ ಸಂಕಟದ ಸುದ್ದಿಯಲ್ಲಿ. ಕೃಷಿ ಕಾರ್ಯಕ್ರಮ ಮಾಡಿದೆ, ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿದೆ, ತಾಲ್ಲೂಕು ಸುದ್ದಿ ಬರೆದೆ. ಅವೆಲ್ಲ ನಾನಲ್ಲದಿದ್ದರೆ ಇನ್ನೊಬ್ಬರಿಂದ ಆಗುತ್ತಿದ್ದವು. ಈ ಕೆಲಸ ನಿಜಕ್ಕೂ ಏನೆಂದು ನನಗೆ ತಿಳಿದದ್ದು ಸಂಜೆಯ ಕಾರ್ಯಕ್ರಮದ ಕೊನೆಗೆ ಬರುತ್ತಿದ್ದ ಕಾಣೆಯಾದವರ ಪ್ರಕಟಣೆಯಿಂದ.

ನಮ್ಮದು ನಂಜನಗೂಡಿನ ಹೊರಗಿದ್ದ ಚಿಕ್ಕ ಸರ್ಕಾರಿ ಟಿ.ವಿ. ಕೇಂದ್ರ. ದಿನವಿಡೀ ಬೆಂಗಳೂರಿನಿಂದ ಬಂದದ್ದನ್ನು ಹಾಗೇ ದಾಟಿಸುವುದು, ಸಂಜೆ ಅರ್ಧ ಗಂಟೆ ಮಾತ್ರ ನಮ್ಮ ಸ್ವಂತದ್ದು. ಇತ್ತ ಹೆಡತಲೆಯಿಂದ ಅತ್ತ ತಲಕಾಡಿನವರೆಗೆ, ಮೈಸೂರಿನಲ್ಲೂ, ಮಾಳಿಗೆ ಮೇಲೆ ಆಂಟೆನಾ ನೆಟ್ಟಿದ್ದ ಮನೆಗಳಲ್ಲೆಲ್ಲ ನಮ್ಮ ಅರ್ಧ ಗಂಟೆ ಕಾಣುತ್ತಿತ್ತು. ಭತ್ತದ ರೋಗದ ಬಗ್ಗೆ ಅಧಿಕಾರಿ ಮಾತಾಡುವಾಗ ಒಲೆಯ ಕಡೆ ಎದ್ದು ಹೋಗುತ್ತಿದ್ದ ಹೆಂಗಸರು, ಪ್ರಕಟಣೆ ಶುರುವಾದರೆ ಮುಸುರೆ ಕೈಯಲ್ಲೇ ಬಂದು ನಿಲ್ಲುತ್ತಿದ್ದರು. ಯಾರೂ ಕಾಣೆಯಾಗಿರದ ಮನೆಯಲ್ಲೂ ಹಾಗೆಯೇ.

ಈಗಿನವರಿಗೆ ನಂಬುವುದು ಕಷ್ಟ, ಆಗ ಪೊಲೀಸರು ಕಳಿಸಿದ ಫೋಟೋವನ್ನು ಕಪ್ಪು ಹಲಗೆಗೆ ಗುಂಡುಸೂಜಿಯಲ್ಲಿ ಸಿಕ್ಕಿಸಿ, ಅದರ ಎದುರು ಕ್ಯಾಮೆರಾ ನಿಲ್ಲಿಸುತ್ತಿದ್ದೆವು. ಗಾಳಿಗೆ ಫೋಟೋ ಅಲುಗಾಡಬಾರದೆಂದು ಫ್ಯಾನ್ ಆರಿಸಬೇಕಿತ್ತು. ಬೆವರುತ್ತ ಓದುತ್ತಿದ್ದೆ. ಬಡವರ ಮನೆಯಲ್ಲಿ ಒಬ್ಬರದೇ ಫೋಟೋ ಎಲ್ಲಿರುತ್ತದೆ? ಮದುವೆಯ ಗುಂಪು ಫೋಟೋದಿಂದ ಕತ್ತರಿಸಿ ತರುತ್ತಿದ್ದರು. ಕಾಣೆಯಾದವನ ಹೆಗಲ ಮೇಲೆ ಇನ್ನಾರದೋ ಕೈ ಹಾಗೇ ಉಳಿದಿರುತ್ತಿತ್ತು.

ಜೊತೆಗೆ ಬರುತ್ತಿದ್ದ ಒಕ್ಕಣೆ ಯಾವಾಗಲೂ ಒಂದೇ. ‘ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ.’ ಆ ಗುರುತು ಹಿಡಿದು ಹೊರಟರೆ ಎರಡು ತಾಲ್ಲೂಕಿನ ಅರ್ಧ ಜನರನ್ನು ಹಿಡಿದು ತರಬಹುದಿತ್ತು. ಮೊದಮೊದಲು ನಾನು ಅದನ್ನು ಬಸ್ಸಿನ ವೇಳಾಪಟ್ಟಿ ಓದುವವಳಂತೆ ಓದಿ ಮುಗಿಸುತ್ತಿದ್ದೆ.

ಹಾಗಲ್ಲ ಎಂದು ಕಲಿಸಿದವರು ನಮ್ಮ ನಿರ್ದೇಶಕರು, ಶ್ರೀಕಂಠಸ್ವಾಮಿ. ಕಡಿಮೆ ಮಾತಿನ, ಸ್ವಲ್ಪ ಸಿಡುಕಿನ ಮನುಷ್ಯ. ಹೊಗಳಿದ್ದು ನನಗೆ ನೆನಪಿಲ್ಲ. ಒಂದು ದಿನ ನನ್ನ ಓದು ಮುಗಿದ ಮೇಲೆ ಸ್ಟುಡಿಯೋ ಬಾಗಿಲಲ್ಲೇ ನಿಲ್ಲಿಸಿದರು.

“ವಿಮಲಾ, ನೀವು ಯಾರಿಗೆ ಓದ್ತಾ ಇದ್ದೀರಿ?”

“ವೀಕ್ಷಕರಿಗೆ, ಸಾರ್.”

“ಅಲ್ಲ. ಅವನ ತಾಯಿ ಕೂತು ಕೇಳ್ತಾ ಇರ್ತಾಳೆ. ಅವಳಿಗೆ ಓದಿ. ಮಿಕ್ಕವರು ತಾವೇ ಕೇಳಿಸ್ಕೊಳ್ತಾರೆ.”

ಇನ್ನೊಂದು ಮಾತನ್ನೂ ಹೇಳಿದರು. ಪೊಲೀಸರ ಒಕ್ಕಣೆಯಲ್ಲಿ ಇಲ್ಲದ ಒಂದಾದರೂ ಸಂಗತಿಯನ್ನು ಮನೆಯವರಿಂದ ಕೇಳಿ ಸೇರಿಸಬೇಕು. ಅದರ ಬೆಲೆ ತಿಳಿದದ್ದು ಹೆಡತಲೆಯ ಒಬ್ಬ ಮುದುಕರಿಂದ. ಅವರಿಗೆ ಮರೆವಿನ ಕಾಯಿಲೆ. ಮನೆಯಿಂದ ಹೊರಟವರು ತಿರುಗಿ ಬಂದಿರಲಿಲ್ಲ. ಸೊಸೆಯನ್ನು ಕೂರಿಸಿಕೊಂಡು ಕೇಳಿದಾಗ ಆಕೆ ಅಳುತ್ತ ಅಂದಳು, “ಯಾರ್ನ ಕಂಡ್ರೂ ಊಟ ಆಯ್ತಾ ಅಂತಾರೆ ಕಣಕ್ಕ. ದನ ಕಂಡ್ರೂ ಅಂಗೇ ಕೇಳ್ತಾರೆ.” ಅದನ್ನೇ ಓದಿದೆ. ತಲಕಾಡಿನಲ್ಲಿ ಪೂಜೆ ಸಾಮಾನು ಮಾರುವ ಹೆಂಗಸೊಬ್ಬಳು, ಮರಳಿನ ಮೇಲೆ ಕೂತು ಬಂದ ಭಕ್ತರನ್ನೆಲ್ಲ ಊಟ ಆಯ್ತಾ ಎಂದು ಕೇಳುತ್ತಿದ್ದ ಅಜ್ಜನನ್ನು ಗುರುತು ಹಿಡಿದಳು. ಫೋಟೋದಲ್ಲಿದ್ದ ಮುಖಕ್ಕೂ, ಗಡ್ಡ ಬೆಳೆದ ಆ ಮುಖಕ್ಕೂ ಹೋಲಿಕೆಯೇ ಇರಲಿಲ್ಲವಂತೆ.

ಎಡವಟ್ಟುಗಳೂ ಆದವು. ಮೂಗೂರಿನ ಒಬ್ಬ ರೈತರನ್ನು ಕೃಷಿ ಕಾರ್ಯಕ್ರಮಕ್ಕೆ ಕರೆಸುವುದಿತ್ತು. ಒಳ್ಳೆಯ ಬೆಳೆ ತೆಗೆದಿದ್ದರು. ಗಡಿಬಿಡಿಯಲ್ಲಿ ಅವರ ಫೋಟೋ ಕಪ್ಪು ಹಲಗೆಗೆ ಏರಿತು. ಮಾರನೆಯ ದಿನ ನಂಜನಗೂಡಿನ ಸಂತೆಯಲ್ಲಿ ಜನ ಅವರನ್ನು ಹಿಡಿದು, ಎಳನೀರು ಕುಡಿಸಿ, ಸಮಾಧಾನ ಹೇಳಿ ಪೊಲೀಸ್ ಠಾಣೆಗೆ ಮುಟ್ಟಿಸಿದ್ದರು. ಅಲ್ಲಿಂದ ಸೀದಾ ನಮ್ಮಲ್ಲಿಗೆ ಬಂದರು. “ನಾನು ಮನೇಲೇ ಇವ್ನಿ ಸಾ. ನೀವು ಕಾಣೆ ಆಗವ್ನೆ ಅಂದ್ಮ್ಯಾಲೆ ನನ್ನೆಂಡ್ತಿಗೂ ಅನುಮಾನ ಬಂದ್ಬುಟ್ಟದೆ” ಅಂದರು. ನಾವು ನಕ್ಕೆವು. ಶ್ರೀಕಂಠಸ್ವಾಮಿ ನಗಲಿಲ್ಲ. ಆ ಸಂಜೆ ತಾವೇ ಕ್ಯಾಮೆರಾ ಮುಂದೆ ಕೂತು, ಆ ರೈತರ ಹೆಸರು ಹೇಳಿ ಕ್ಷಮೆ ಕೇಳಿದರು. ಅವರು ತೆರೆಯ ಮೇಲೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈಗ ಸವಿತಳ ವಿಷಯಕ್ಕೆ ಬರುತ್ತೇನೆ. ಅದು ಅವಳ ನಿಜವಾದ ಹೆಸರಲ್ಲ. ಊರು ತಿ. ನರಸೀಪುರದ ಆಚೆಯದು ಎಂದಷ್ಟೇ ಹೇಳಬಲ್ಲೆ.

ಅವಳ ತಂದೆ ಸಿದ್ದರಾಜು ಪ್ರಕಟಣೆ ಕೊಡಲು ಬಂದಾಗ ಜೊತೆಗೆ ಹೆಂಡತಿ ಮಾದಮ್ಮನೂ ಇದ್ದಳು. ಅವರ ಪಾಲಿಗಿದ್ದದ್ದು ಒಂದು ತುಂಡು ಗದ್ದೆ, ಮಿಕ್ಕಂತೆ ಕೂಲಿ. ಮಗಳಿಗೆ ಹತ್ತೊಂಬತ್ತು ವರ್ಷ, ಪಿಯುಸಿ ಮುಗಿಸಿದ್ದಳು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಇಲ್ಲ. ಪೊಲೀಸರ ಒಕ್ಕಣೆಯನ್ನು ಪಕ್ಕಕ್ಕಿಟ್ಟು ನಾನು ಎಂದಿನಂತೆ ಕೇಳಿದೆ. ಸಿದ್ದರಾಜು ಒಂದೊಂದಾಗಿ ಹೇಳಿದ. ಎಡಗೈಯಲ್ಲಿ ಬರೆಯುತ್ತಾಳೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಜ್ವರ ಬಂದರೂ ಹೇಳುವುದಿಲ್ಲ.

“ಹೋಗುವಾಗ ಯಾವ ಬಟ್ಟೆ ಹಾಕಿದ್ದಳು?” ಎಂದೆ.

ಅವನು ಹೆಂಡತಿಯ ಕಡೆ ನೋಡಿದ. ಮಾದಮ್ಮ ಅಲ್ಲಿಯವರೆಗೆ ತುಟಿ ಬಿಚ್ಚಿರಲಿಲ್ಲ. ಸೆರಗನ್ನು ಮುಖಕ್ಕೆ ಎಳೆದುಕೊಂಡು, “ನೀಲಿ ಚೂಡಿದಾರ” ಅಂದಳು. ಅಷ್ಟೇ.

ಓದಿದೆವು. ಸುಳಿವು ಸಿಗಲಿಲ್ಲ. ಸಿದ್ದರಾಜು ಮತ್ತೆ ಬಂದ. ಒಂದು ಪ್ರಕಟಣೆಯನ್ನು ಇಷ್ಟೇ ಸಲ ಓದಬೇಕೆಂದು ನಿಯಮವಿತ್ತು. ಅವನ ಮುಖ ನೋಡಲಾರದೆ ನಾನು ನಿರ್ದೇಶಕರನ್ನು ಕೇಳಿಕೊಂಡೆ, ಅವರು ಒಪ್ಪಿದರು. ಮತ್ತೆ ಓದಿದೆವು. ಗಂಡ ಹೆಂಡತಿ ಇಬ್ಬರೂ ಎರಡು ಬಸ್ಸು ಬದಲಿಸಿ ಬಂದು, ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದರು. ಅವನು ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದ, ಅವಳು ನೆಲ ನೋಡುತ್ತ ಕೂರುತ್ತಿದ್ದಳು. ದುಃಖಕ್ಕೆ ಮಾತೇ ನಿಂತುಹೋಗಿದೆ ಎಂದು ನಾವು ಅಂದುಕೊಂಡೆವು.

ಒಂದು ಮಧ್ಯಾಹ್ನ ಗೇಟಿನಿಂದ ಕಾವಲುಗಾರ ಬಂದು, ಯಾರೋ ಹುಡುಗಿ ಪ್ರಕಟಣೆ ಓದುವ ಮೇಡಂ ಬೇಕು ಅಂತಿದಾಳೆ ಎಂದ. ದುಪಟ್ಟಾವನ್ನು ತಲೆಗೆ ಸುತ್ತಿಕೊಂಡಿದ್ದಳು. ನನ್ನ ಕೋಣೆಗೆ ಬಂದು ಬಿಚ್ಚಿದಾಗ, ಕಪ್ಪು ಹಲಗೆಯ ಮೇಲೆ ಅಷ್ಟು ಸಲ ನೋಡಿದ್ದ ಮುಖ.

“ಸವಿತ! ಎಲ್ಲಿದ್ದೆಯಮ್ಮ? ನಿನ್ನ ಅಪ್ಪ ಅಮ್ಮ...”

“ಅಕ್ಕ, ನಿಮ್ಗೆ ಕೈ ಮುಗೀತೀನಿ, ನನ್ ಫೋಟೋ ಆಕೋದ್ ನಿಲ್ಸಿ.”

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದ್ದಳು. ಹಿರಿಯ ನರ್ಸ್ ಒಬ್ಬರು ತಮ್ಮ ಮನೆಯಲ್ಲಿ ಇರಲು ಜಾಗ ಕೊಟ್ಟಿದ್ದರು. ಹಿಂದಿನ ಸಂಜೆ ವಾರ್ಡಿನಲ್ಲಿ ರೋಗಿಗಳಿಗೆ ಗಂಜಿ ಕೊಡುತ್ತಿದ್ದಾಗ ಟಿ.ವಿ.ಯಲ್ಲಿ ಅವಳ ಫೋಟೋ ಬಂತು. ನಮ್ಮ ಕಡೆಯ ಒಬ್ಬ ಮುದುಕಿ ಅವಳ ಕೈ ಹಿಡಿದು, “ನೀನೇ ಅಲ್ವೇನವ್ವ?” ಅಂದಿದ್ದಳು.

“ನಾನು ಕಾಣೆ ಆಗಿಲ್ಲ ಅಕ್ಕ. ಕಾಣೆ ಆಗೋದು ಬ್ಯಾರೆ, ಒಂಟೋಗೋದು ಬ್ಯಾರೆ. ನಾನು ಒಂಟ್ಬಂದಿವ್ನಿ.”

ಅವಳನ್ನು ಸೋದರಮಾವನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ತಾಯಿಯ ತಮ್ಮ. ಅವಳಿಗಿಂತ ಬಹಳ ದೊಡ್ಡವನು. ಕೆಟ್ಟವನಲ್ಲ ಎಂದು ಅವಳೇ ಹೇಳಿದಳು. ಆದರೆ ಕೂಸಾಗಿದ್ದಾಗಿನಿಂದ ತನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ತಿರುಗಿದವನನ್ನು ಗಂಡ ಎಂದು ಹೇಗೆ ನೋಡಲಿ ಎಂದು ಅವಳ ಪ್ರಶ್ನೆ. ನರ್ಸಿಂಗ್ ಓದಬೇಕೆಂದು ಆಸೆ. ಅಪ್ಪ ಮಾತು ಕೊಟ್ಟುಬಿಟ್ಟಿದ್ದ, ಊರ ಮುಂದೆ ಎಲೆಯಡಿಕೆ ಬದಲಾಗಿತ್ತು. ಈಗ ಆ ಮಾವ ಅವಳ ಫೋಟೋ ಹಿಡಿದು ಮೈಸೂರಿನ ಬೀದಿಬೀದಿ ಅಲೆಯುತ್ತಿದ್ದಾನೆ ಎಂದು ಗೊತ್ತಾಗಿ ಹೆದರಿದ್ದಳು.

“ನೀಲಿ ಬಟ್ಟೆ ಅಂತ ಯಾರಕ್ಕ ಏಳಿದ್ದು? ಅವತ್ತು ನಾನಾಕಿದ್ದು ಅಳದಿ.”

“ನಿನ್ನ ಅಮ್ಮ.”

ಅವಳು ಕಿಟಕಿಯ ಕಡೆ ತಿರುಗಿಕೊಂಡು ಬಹಳ ಹೊತ್ತು ಅತ್ತಳು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ನಾನು ಅವಳನ್ನು ಶ್ರೀಕಂಠಸ್ವಾಮಿಯವರ ಬಳಿ ಕರೆದುಕೊಂಡು ಹೋದೆ. ಅವರು ಎಲ್ಲವನ್ನೂ ಕೇಳಿದರು. ಆ ಸಂಜೆಯೂ ಅವಳ ಪ್ರಕಟಣೆ ಇತ್ತು.

“ಪೊಲೀಸರು ಕೊಟ್ಟ ಪ್ರಕಟಣೆಯನ್ನ ನಾವಾಗಿ ನಿಲ್ಲಿಸೋ ಹಾಗಿಲ್ಲ” ಅಂದರು. ಹುಡುಗಿಯ ಮುಖ ಬಿಳಿಚಿತು. “ಆದರೆ ಇಲ್ಲಿ ಕೂತಿರೋಳನ್ನ ಕಾಣೆಯಾಗಿದ್ದಾಳೆ ಅಂತ ಓದೋಕೂ ಆಗಲ್ಲ. ನೀನು ಠಾಣೆಗೆ ಬಂದು ಹೇಳಿಕೆ ಕೊಡಬೇಕಮ್ಮ. ನಿನಗೆ ಹದಿನೆಂಟು ತುಂಬಿದೆ, ನಿನ್ನಿಷ್ಟ ಅಂತ ನೀನೇ ಹೇಳಬೇಕು.”

“ಪೊಲೀಸ್ರು ಅಪ್ಪನ್ ಕೈಗೆ ಕೊಟ್ಬುಡ್ತಾರೆ ಸಾ.”

“ನಾನಿರ್ತೀನಿ. ವಿಮಲಾನೂ ಇರ್ತಾರೆ. ಜೀಪು ತೆಗೆಸಿ.”

ಮೈಸೂರಿಗೆ ಹೋದೆವು. ಮಹಿಳಾ ಸಬ್ ಇನ್ಸ್‌ಪೆಕ್ಟರ್ ಒಬ್ಬರು ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ಯಾರೂ ಹೆದರಿಸಿಲ್ಲ, ಯಾರೂ ಕರೆದೊಯ್ದಿಲ್ಲ, ನಾನಾಗಿಯೇ ಬಂದಿದ್ದೇನೆ ಎಂದು ಅವಳು ಹೇಳಿದಳು, ಎಡಗೈಯಲ್ಲಿ ಸಹಿ ಹಾಕಿದಳು. ಮಗಳು ಕ್ಷೇಮ, ಇಷ್ಟವಿದ್ದಾಗ ಬರುತ್ತಾಳೆ ಎಂದಷ್ಟನ್ನೇ ಮನೆಯವರಿಗೆ ತಿಳಿಸುವುದು, ವಿಳಾಸ ಕೊಡುವುದಿಲ್ಲ ಎಂದು ತೀರ್ಮಾನವಾಯಿತು. ನಾವು ಹಿಂತಿರುಗುವ ಮೊದಲೇ ಠಾಣೆಯಿಂದ ಕೇಂದ್ರಕ್ಕೆ ಫೋನ್ ಬಂದು ಪ್ರಕಟಣೆಯನ್ನು ಹಿಂದಕ್ಕೆ ಪಡೆದಾಗಿತ್ತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮಾರನೆಯ ದಿನವೇ ಸಿದ್ದರಾಜು ಬಂದ. ಬೆಂಚಿನ ಮೇಲೆ ಕೂರಲಿಲ್ಲ. ಮಾದಮ್ಮನನ್ನು ಹಿಂದೆ ಬಿಟ್ಟು ನೇರ ವರಾಂಡಕ್ಕೆ ನುಗ್ಗಿದ.

“ಯಾಕ್ ನಿಲ್ಲಿಸ್ಬುಟ್ರಿ ಮೇಡಮ್ಮೋರೆ? ಪೊಲೀಸ್ನೋರು ಬಂದು ಬದ್ಕವ್ಳೆ, ಚೆನ್ನಾಗವ್ಳೆ, ಆದ್ರೆ ಬರಕಿಲ್ಲ ಅಂದ್ರು. ಅಂಗಂದ್ರೆ ಏನರ್ಥ? ಇದ್ರೆ ಬರಕಿಲ್ವಾ ನನ್ ಮಗ್ಳು? ಸತ್ತೋಗವ್ಳೆ. ಎಲ್ಲೋ ಎಣ ಸಿಕ್ಕದೆ. ಏಳಕ್ಕೆ ಎದರ್ಕೊಂಡು ನೀವೆಲ್ಲಾ ಸೇರಿ ಇಂಗೇಳ್ತಾ ಇದ್ದೀರಿ.”

ಅವನು ಅದನ್ನು ನಂಬಿಯೇ ಬಂದಿದ್ದ. ಕಣ್ಣು ಕೆಂಪಾಗಿತ್ತು, ಬಾಯಿ ಒಣಗಿತ್ತು. ಶ್ರೀಕಂಠಸ್ವಾಮಿ ಕೋಣೆಯಿಂದ ಹೊರಬಂದು ನಿಂತು ನನ್ನ ಕಡೆ ನೋಡಿದರು. ಹೇಳಬೇಕಾದವಳು ನಾನು ಎಂದು ಅವರ ನೋಟದಲ್ಲೇ ಗೊತ್ತಾಯಿತು.

“ಸಿದ್ದರಾಜು, ನಾನು ಅವಳನ್ನ ನೋಡಿದೀನಿ. ನಿನ್ನೆ ಇಲ್ಲೇ, ಈ ಕೋಣೇಲಿ ಕೂತಿದ್ಲು. ನನ್ನ ಜೊತೆ ಕಾಫಿ ಕುಡಿದ್ಲು. ಚೆನ್ನಾಗಿದಾಳೆ.”

ಅವನು ಬಾಗಿಲು ದೂಡಿ ಆ ಕೋಣೆಯೊಳಗೆ ನೋಡಿದ. ಖಾಲಿ ಕುರ್ಚಿಯನ್ನು ನೋಡಿದ. “ಎಲ್ಲವ್ಳೆ? ಏಳಿ.”

“ಅದನ್ನ ಹೇಳಲ್ಲ.”

“ನಾನು ಎತ್ತಪ್ಪ ಕಣವ್ವ!”

“ಗೊತ್ತು. ಆದರೂ ಹೇಳಲ್ಲ.”

ಅವನು ಗೋಡೆಗೊರಗಿ ನೆಲಕ್ಕೆ ಕುಸಿದ. “ನಾನೇನ್ ತಪ್ಪು ಮಾಡ್ದೆ? ಒಡೆದ್ನಾ? ಬೋದ್ನಾ? ನಮ್ಮನೆ ಉಡ್ಗ್ನೇ ಅಲ್ವಾ ಅವ್ನು? ಕಣ್ಮುಂದೆ ಇರ್ತಾಳಲ್ಲ ಅಂತ ತಾನೆ ಕೊಡ್ತಾ ಇದ್ದುದ್ದು?” ಎಂದು ತಲೆ ಚಚ್ಚಿಕೊಂಡ. “ಒಬ್ಳೇ ಎಂಗ್ ಬಂದ್ಲು? ದಾರಿ ಗೊತ್ತಿಲ್ಲ, ಪೇಟೆ ಗೊತ್ತಿಲ್ಲ. ಯಾರ್ ಕರ್ಕೊಂಡೋದ್ರು ಅವಳ್ನ?”

“ನಾನು.”

ಮೆಟ್ಟಿಲ ಬಳಿ ಮಾದಮ್ಮ ನಿಂತಿದ್ದಳು. ಮುಖದ ಮೇಲೆ ಸೆರಗಿರಲಿಲ್ಲ.

“ನಾನೇ ಬಸ್ಸತ್ತಿಸ್ದೆ. ಕೋಳಿ ಕೂಗಕ್ ಮುಂಚೆ ಎಬ್ಬಿಸ್ಕೊಂಡು ಓಗಿ ಅತ್ತಿಸ್ದೆ. ನಮ್ಮೂರ್ ನರಸಮ್ಮನ್ ಮಗಳು ನರ್ಸಾಗವ್ಳಲ್ಲ, ಅವ್ಳತ್ರ ಓಗು ಅಂದೆ. ನೀಲಿ ಅಂತ ಸುಳ್ಳೇಳ್ದೋಳೂ ನಾನೇ. ಅವ್ನು ನನ್ ತಮ್ಮ. ಅವ್ನೂ ನಾನೆತ್ತಾಡಿಸ್ದೋನೆ, ಅವ್ಳೂ ನಾನೆತ್ತೋಳೆ. ಅವ್ಳು ನನ್ನ ತಬ್ಕೊಂಡು, ಅವ್ವ ನಂಗಾಗಕಿಲ್ಲ ಅಂದ್ಲು. ನಾನೇನ್ ಮಾಡ್ಲಿ?”

ಸಿದ್ದರಾಜು ಹೆಂಡತಿಯನ್ನು ನೋಡಿದ. ಇಷ್ಟು ದಿನ ತನ್ನ ಪಕ್ಕದಲ್ಲಿ ಬಸ್ಸಿನಲ್ಲಿ ಕೂತು ಬರುತ್ತಿದ್ದವಳು, ಠಾಣೆಯ ಮುಂದೆ, ದೇವಸ್ಥಾನದ ಮುಂದೆ ಜೊತೆಯಲ್ಲೇ ಕಾಯುತ್ತಿದ್ದವಳು. ಅವನು ಕೈ ಎತ್ತುತ್ತಾನೆ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಎತ್ತಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಅವಳನ್ನು ಬಳಸಿ ನಡೆದು ಗೇಟು ದಾಟಿ ಹೋದ.

ಮಾದಮ್ಮ ಮೆಟ್ಟಿಲ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತೆ. “ಅಳದಿ ಬಟ್ಟೆ ಮಾಸೋಗಿತ್ತಾ?” ಎಂದು ಕೇಳಿದಳು. ನಿನ್ನೆ ಬೇರೆ ಬಟ್ಟೆಯಲ್ಲಿದ್ದಳು, ತೊಳೆದು ಇಸ್ತ್ರಿ ಮಾಡಿದ್ದು ಎಂದೆ. ತಲೆಯಾಡಿಸಿದಳು. ಆಮೇಲೆ, ಮನೆಯಲ್ಲಿದ್ದ ಫೋಟೋ ಅದೊಂದೇ, ಕೊಟ್ಟುಬಿಡಿ ಅಂದಳು. ಹಲಗೆಯ ಸೂಜಿ ಚುಚ್ಚಿ ಚುಚ್ಚಿ ಅದರ ನಾಲ್ಕು ಮೂಲೆ ಹರಿದಿದ್ದವು. ಹಾಗೇ ತೆಗೆದುಕೊಂಡು ರವಿಕೆಯೊಳಗೆ ಇಟ್ಟುಕೊಂಡಳು.

ಅವಳು ಈಗ ಎಲ್ಲಿಗೆ ಹೋಗಬೇಕು ಎಂದು ನಾನು ಯೋಚಿಸುತ್ತಿದ್ದೆ. ಶ್ರೀಕಂಠಸ್ವಾಮಿಯವರೂ ಅದನ್ನೇ ಯೋಚಿಸುತ್ತಿದ್ದರೆಂದು ಕಾಣುತ್ತದೆ, ಚಾಲಕನನ್ನು ಕರೆಯಲು ಹೇಳಿದ್ದರು. ಅಷ್ಟರಲ್ಲಿ ಸಿದ್ದರಾಜು ಗೇಟಿನ ಬಳಿ ಮತ್ತೆ ಕಾಣಿಸಿಕೊಂಡ. ಒಳಗೆ ಬರಲಿಲ್ಲ. ನಮ್ಮ ಕಡೆ ನೋಡಲೂ ಇಲ್ಲ. ರಸ್ತೆಯ ಕಡೆ ಮುಖ ಮಾಡಿಕೊಂಡೇ ಕೂಗಿದ.

“ಬಾ. ಬಸ್ ಬತ್ತಾದೆ.”

ಅವಳು ಎದ್ದು ಹೋದಳು. ಇಬ್ಬರ ನಡುವೆ ನಾಲ್ಕು ಮಾರು ಅಂತರವಿತ್ತು.

ಆ ಮದುವೆ ಮುರಿಯಿತು. ಮಾವನಿಗೆ ಬೇರೆ ಕಡೆ ಹೆಣ್ಣು ತಂದರು. ಸವಿತ ಹಗಲು ದುಡಿದು, ಹಿರಿಯ ನರ್ಸಿನ ಆಸರೆಯಲ್ಲಿ ನರ್ಸಿಂಗ್ ಓದಿದಳು. ಕೆಲಸ ಸಿಕ್ಕಾಗ ನನಗೆ ಬಂದು ಹೇಳಿದಳು. ತಾಯಿ ಆಗಾಗ ಬಂದು ನೋಡಿಕೊಂಡು ಹೋಗುತ್ತಾಳೆ, ಅಪ್ಪ ಮಾತ್ರ ತನ್ನ ಹೆಸರೆತ್ತುವುದಿಲ್ಲ ಅಂದಳು.

ಆಮೇಲೆ ನಮ್ಮ ಕೇಂದ್ರದಲ್ಲಿ ಒಂದು ಹೊಸ ಕ್ರಮ ಬಂತು. ಪ್ರಕಟಣೆಯ ಕೊನೆಗೆ, “ಈ ಮಾತನ್ನು ನೀವೇ ಕೇಳುತ್ತಿದ್ದರೆ, ಎಲ್ಲಿದ್ದೀರಿ ಎಂದು ಹೇಳಬೇಕಾಗಿಲ್ಲ, ಕ್ಷೇಮವಾಗಿದ್ದೀರಿ ಎಂದು ಒಂದು ಮಾತು ತಿಳಿಸಿ” ಎಂದು ಓದತೊಡಗಿದೆವು. ಅದನ್ನು ಬರೆದವರು ಶ್ರೀಕಂಠಸ್ವಾಮಿ. ಮೇಲಿನ ಕಚೇರಿಯಿಂದ ಆಕ್ಷೇಪ ಬಂದಾಗ ಅವರು ಜಗ್ಗಲಿಲ್ಲ. ಅವರು ನಿವೃತ್ತರಾಗಿ ಹೋದ ಮೇಲೆ ಬಂದ ಇನ್ನೊಬ್ಬ ಅಧಿಕಾರಿ, ಸಮಯ ಹಾಳು ಎಂದು ಆ ಸಾಲನ್ನು ತೆಗೆಸಿದರು. ಅಷ್ಟರೊಳಗೆ ಅದನ್ನು ಕೇಳಿ ಫೋನ್ ಮಾಡಿದವರು ಇದ್ದರು. ಮಾತಾಡದೆ, ಬರೀ ಉಸಿರು ಕೇಳಿಸಿ ಇಟ್ಟುಬಿಟ್ಟವರೂ ಇದ್ದರು. ಅದನ್ನೂ ನಾನು ಮನೆಯವರಿಗೆ ತಿಳಿಸುತ್ತಿದ್ದೆ.

ಕಪ್ಪು ಹಲಗೆ ಹೋಯಿತು, ಕಂಪ್ಯೂಟರ್ ಬಂತು. ಮಾಳಿಗೆ ಮೇಲಿನ ಆಂಟೆನಾ ಹೋಗಿ ಡಿಶ್ ಬಂತು. ನಮ್ಮ ಅರ್ಧ ಗಂಟೆಯೂ ಒಂದು ದಿನ ನಿಂತುಹೋಯಿತು. ಈಗ ಯಾರಾದರೂ ಕಾಣೆಯಾದರೆ ಸಂಜೆಯವರೆಗೂ ಕಾಯಬೇಕಿಲ್ಲ, ವಾಟ್ಸಾಪಿನಲ್ಲಿ ಊರೂರಿಗೆ ಫೋಟೋ ಹೋಗುತ್ತದೆ. ಎಷ್ಟೋ ಮಕ್ಕಳು ಬೇಗ ಸಿಕ್ಕಿದ್ದಾರೆ, ಅದು ಒಳ್ಳೆಯದೇ. ಆದರೆ ಸಿಕ್ಕ ಮೇಲೂ ಆ ಫೋಟೋ ಓಡಾಡುತ್ತಲೇ ಇರುತ್ತದೆ. ನಿಲ್ಲಿಸಿ ಎಂದು ಕೇಳಲು ಯಾವ ಗೇಟಿಗೆ ಹೋಗಬೇಕೋ ಗೊತ್ತಾಗುವುದಿಲ್ಲ. ಈ ಕೆಲಸಕ್ಕೆ ಬರುವ ಮಕ್ಕಳಿಗೆ ನಾನು ಹೇಳುವುದಿಷ್ಟು: ಒಬ್ಬರ ಮುಖವನ್ನು ಊರಿಗೆಲ್ಲ ತೋರಿಸುವ ಮೊದಲು, ಅವರು ಬಾಗಿಲಿಗೆ ಬಂದು ನಿಂತರೆ ಅವರಿಗೆ ಏನು ಹೇಳುತ್ತೀರಿ ಎಂದು ಯೋಚಿಸಿ.

ನಿವೃತ್ತಳಾದ ಮೇಲೆ ಒಮ್ಮೆ ಮದುವೆಯ ಮನೆಯೊಂದಕ್ಕೆ ಹೋಗಿ ಹಿಂತಿರುಗುವಾಗ ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಮೈಸೂರಿನ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಮಾದಮ್ಮ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಸವಿತಳಿಗೆ ಎರಡನೆಯ ಹೆರಿಗೆ, ಬಾಣಂತನಕ್ಕೆ ಹೋಗುತ್ತಿದ್ದಳು. ಬಸ್ಸಿನ ಹೊರಗೆ, ಕಿಟಕಿಯ ಕೆಳಗೆ ಸಿದ್ದರಾಜು ನಿಂತಿದ್ದ. ಬೆನ್ನು ಬಾಗಿತ್ತು. ತಲೆಯ ಮೇಲಿದ್ದ ಮೂಟೆಯನ್ನು ಇಳಿಸಿ ಕಿಟಕಿಯಿಂದ ಒಳಗೆ ಕೊಟ್ಟ, ಆಮೇಲೆ ಒಂದು ಬಟ್ಟೆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಆಗ ನನ್ನನ್ನು ನೋಡಿದ. ಗುರುತು ಸಿಕ್ಕಿತು.

“ನೀವೂ ಬನ್ನಿ” ಎಂದೆ.

“ಇಲ್ಲ ಕಣವ್ವ. ಇವ್ಳೋಯ್ತಾಳೆ. ನಾನು ಇಲ್ಲೀಗಂಟ.”

ಪ್ರತಿ ಸಲವೂ ಹೀಗೆಯೇ, ಊರಿಂದ ಇಲ್ಲಿಯವರೆಗೆ ಹೊತ್ತು ತರುತ್ತಾರೆ, ಎಲ್ಲಿಗೆ ಅಂತ ಒಂದು ದಿನವೂ ಕೇಳಿಲ್ಲ ಎಂದು ಮಾದಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ಬಸ್ಸು ಹೊರಡಲು ಗುಡುಗುಟ್ಟಿತು. ಸಿದ್ದರಾಜು ಅವಸರವಾಗಿ ಮುಂದಕ್ಕೆ ನಡೆದು ಡ್ರೈವರನ ಬಾಗಿಲನ್ನು ತಟ್ಟಿದ.

“ಮೆಲ್ಗೆ ಓಡ್ಸಪ್ಪ” ಎಂದ. “ಚೀಲ್ದಲ್ಲಿ ಮೊಟ್ಟೆ ಅವೆ. ಬಾಣ್ತಿಗೆ.”